ಎಲ್ಲಿಂದ ಎಣಿಸಬೇಕೆಂದು ಹೇಳದ ಲೆಕ್ಕಯಂತ್ರ

ಎಐ ಏಜೆಂಟ್‌ಗಳ ಮಾತು ಬಂದಾಗಲೆಲ್ಲ ಒಂದು ಸಮಾಧಾನ ಕೇಳಿಬರುತ್ತದೆ. ಭಾಷಾ ಮಾದರಿಗೆ ಲೆಕ್ಕ ಬರುವುದಿಲ್ಲ, ನಿಜ. ಅದರ ಕೈಗೊಂದು ಕ್ಯಾಲ್ಕುಲೇಟರ್ ಕೊಟ್ಟುಬಿಡಿ, ಆಗ ಮಾತಿನ ಹೊಣೆ ಮಾದರಿಯದು, ಲೆಕ್ಕದ ಹೊಣೆ ಟೂಲಿನದು. 2023ರಲ್ಲಿ ಮೆಟಾ ಸಂಶೋಧಕರು ಟೂಲ್‌ಫಾರ್ಮರ್ ಪ್ರಬಂಧದಲ್ಲಿ ಮಾದರಿಗೆ ಬಳಸಲು ಕಲಿಸಿದ ಟೂಲ್‌ಗಳಲ್ಲಿ ಕ್ಯಾಲ್ಕುಲೇಟರೂ ಒಂದು. ಅದೇ ವರ್ಷದ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ ತಂದಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಪ್ರಕಟಿಸಿತು. ಅಲ್ಲಿಂದಾಚೆಗೆ ಟೂಲ್ ಎಂದರೆ ಏನು ಎಂಬುದು ಹೆಚ್ಚುಕಡಿಮೆ ಸ್ಥಿರವಾಗಿದೆ: ಒಂದು ಹೆಸರು, ಒಂದು ವಿವರಣೆ, ಇನ್‌ಪುಟ್ ಹೇಗಿರಬೇಕೆಂದು ಹೇಳುವ ಒಂದು ಸ್ಕೀಮಾ. ಈ ಮೂರರಲ್ಲಿ ಹೆಸರಿಗೂ ಸ್ಕೀಮಾಕ್ಕೂ ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳುತ್ತಾರೆ. ವಿವರಣೆಯನ್ನು ಮಾತ್ರ ಕೆಲಸವೆಲ್ಲ ಮುಗಿದ ಮೇಲೆ ಎರಡು ಸಾಲಿನಲ್ಲಿ ಗೀಚಿ ಮುಗಿಸುತ್ತಾರೆ. ಮಾದರಿ ಬುದ್ಧಿವಂತ, ಫಿಬೊನಾಚಿ ಎಂದರೆ ಏನೆಂದು ಅದಕ್ಕೆ ಹೇಳಿಕೊಡಬೇಕೇ ಎಂಬುದು ಅವರ ವಾದ.

ಈ ಎರಡೂ ನಂಬಿಕೆಗಳನ್ನು ನಾನು ಒಪ್ಪುವುದಿಲ್ಲ. ಟೂಲ್ ಕೊಟ್ಟ ಮಾತ್ರಕ್ಕೆ ತಪ್ಪು ಕಳೆಯುವುದಿಲ್ಲ, ತಪ್ಪಿನ ಜಾಗ ಬದಲಾಗುತ್ತದೆ. ಕೂಡುವ ಕಳೆಯುವ ಹಂತದಲ್ಲಿದ್ದದ್ದು ಕೇಳುವ ಹಂತಕ್ಕೆ ಬಂದು ಕೂರುತ್ತದೆ. ಕೇಳುವುದು ಹೇಗೆಂದು ಏಜೆಂಟ್ ತಿಳಿಯುವುದು ವಿವರಣೆಯಿಂದಲೇ. ಹಾಗಾಗಿ ವಿವರಣೆ ಲೆಕ್ಕದ ಹೊರಗಿನ ಅಲಂಕಾರವಲ್ಲ, ಲೆಕ್ಕದ ಮೊದಲ ಹೆಜ್ಜೆ.

ಇದನ್ನು ವಾದಿಸಲು ಸಂಖ್ಯಾಸರಣಿಗಳ ಕ್ಯಾಲ್ಕುಲೇಟರ್‌ಗಿಂತ ಒಳ್ಳೆಯ ಟೂಲ್ ನನಗೆ ತೋರುವುದಿಲ್ಲ. ಹವಾಮಾನ ಹೇಳುವ ಟೂಲ್ ತಪ್ಪಿದರೆ ದತ್ತಾಂಶವನ್ನು ದೂರಬಹುದು, ಹುಡುಕುವ ಟೂಲ್ ತಪ್ಪಿದರೆ ಇಂಟರ್‌ನೆಟ್ಟನ್ನು ದೂರಬಹುದು. ಸರಣಿಯ ಟೂಲಿಗೆ ಅಂಥ ನೆಪಗಳಿಲ್ಲ. ಅಲ್ಲಿ ಎಲ್ಲವೂ ಖಚಿತ, ಎಲ್ಲವೂ ಸಾಬೀತಾದದ್ದು. ಅಷ್ಟು ಖಚಿತವಾದ ಕಡೆಯಲ್ಲೂ ಏಜೆಂಟ್ ಎಡವಿದರೆ ದೋಷ ಬೇರೆಲ್ಲೋ ಇದೆ ಎಂದೇ ಅರ್ಥ.

ಇಂಥ ಟೂಲಿನ ವಿವರಣೆ ಸಾಮಾನ್ಯವಾಗಿ ಹೇಗಿರುತ್ತದೆಂದು ತೋರಿಸಲು ಒಂದು ಮಾದರಿಯನ್ನು ನಾನೇ ಬರೆಯುತ್ತೇನೆ. "ಸರಣಿ ಲೆಕ್ಕ: ಫಿಬೊನಾಚಿ, ಅವಿಭಾಜ್ಯ, ಸಮಾಂತರ, ಗುಣೋತ್ತರ ಮುಂತಾದ ಸರಣಿಗಳ ಎನ್-ನೇ ಪದವನ್ನು ಕೊಡುತ್ತದೆ. ಇನ್‌ಪುಟ್: ಸರಣಿಯ ಬಗೆ, ಮತ್ತು ಎನ್ ಎಂಬ ಪೂರ್ಣಾಂಕ. ಔಟ್‌ಪುಟ್: ಸಂಖ್ಯೆ." ನೋಡಿದರೆ ಎಲ್ಲ ಇದೆ ಅನ್ನಿಸುತ್ತದೆ. ಸ್ಕೀಮಾ ಪರಿಶೀಲಿಸುವ ಯಾವ ಪ್ರೋಗ್ರಾಮೂ ಇದರಲ್ಲಿ ಕುಂದು ಹುಡುಕದು. ನನ್ನ ತಕರಾರು ಶುರುವಾಗುವುದು "ಎನ್-ನೇ" ಎಂಬಲ್ಲೇ.

ನಾಲ್ಕನೆಯ ಫಿಬೊನಾಚಿ ಸಂಖ್ಯೆ ಯಾವುದು? 0, 1, 1, 2 ಎಂದು ಬರೆದು ನಾಲ್ಕನೆಯದನ್ನು ಮುಟ್ಟಿದರೆ 2. ಎಫ್(0)=0, ಎಫ್(1)=1 ಎಂದು ಸೂಚ್ಯಂಕ ಹಿಡಿದು ಎಫ್(4) ಕೇಳಿದರೆ 3. 1202ರ ಲಿಬೆರ್ ಅಬಾಚಿಯಲ್ಲಿ ಫಿಬೊನಾಚಿ ಎಂದು ಹೆಸರಾದ ಪೀಸಾದ ಲಿಯೊನಾರ್ಡೊ ಮೊಲದ ಜೋಡಿಗಳನ್ನು ಎಣಿಸುತ್ತಾ ಹೋದ ಸಾಲು 1, 2, 3, 5, 8 ಎಂದು ಸಾಗುತ್ತದೆ. ಅಲ್ಲಿ ನಾಲ್ಕನೆಯದು 5. ಲಿಯೊನಾರ್ಡೊಗಿಂತ ಮೊದಲೇ ನಮ್ಮ ಛಂದಶ್ಶಾಸ್ತ್ರಜ್ಞರು ಈ ಸಾಲನ್ನು ಕಂಡಿದ್ದರು. ವಿರಹಾಂಕ, ಗೋಪಾಲ, 1150ರ ಆಸುಪಾಸಿನ ಹೇಮಚಂದ್ರ ಇವರೆಲ್ಲ ಎಣಿಸಿದ್ದು ಇಷ್ಟು ಮಾತ್ರೆಗಳನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು ಎಂಬುದನ್ನು. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದ ಕನ್ನಡದ ವಿದ್ಯಾರ್ಥಿಗೂ ಇದು ಗೊತ್ತು, ಫಿಬೊನಾಚಿ ಎಂಬ ಹೆಸರಿನಿಂದ ಅಲ್ಲದಿದ್ದರೂ. ಮೂರು ಮಾತ್ರೆಯ ಗಣಕ್ಕೆ ಮೂರು ರೂಪ, ನಾಲ್ಕು ಮಾತ್ರೆಯ ಗಣಕ್ಕೆ ಐದು ರೂಪ, ಐದು ಮಾತ್ರೆಯ ಗಣಕ್ಕೆ ಎಂಟು ರೂಪ. ನಾಲ್ಕು ಲಘು, ಒಂದು ಗುರು ಎರಡು ಲಘುಗಳ ಮೂರು ಜೋಡಣೆ, ಎರಡು ಗುರು: ಒಟ್ಟು ಐದು. ಇಲ್ಲಿ ನಾಲ್ಕಕ್ಕೆ ಉತ್ತರ ಐದಲ್ಲದೆ ಇನ್ನೊಂದಾಗಲು ಸಾಧ್ಯವೇ ಇಲ್ಲ, ಏಕೆಂದರೆ ನಾಲ್ಕು ಎಂಬುದು ಸಾಲಿನಲ್ಲಿ ನಿಂತ ಜಾಗದ ಗುರುತಲ್ಲ, ಮಾತ್ರೆಗಳ ಎಣಿಕೆ.

ಒಂದೇ ಸಾಲು, ಒಂದೇ ಪ್ರಶ್ನೆ, ಮೂರು ಸರಿ ಉತ್ತರ. "ಮಾದರಿಗೆ ಫಿಬೊನಾಚಿ ಗೊತ್ತು" ಎನ್ನುವವರು ಗಮನಿಸದೆ ಬಿಟ್ಟಿರುವುದು ಇದನ್ನೇ. ಅದಕ್ಕೆ ಗೊತ್ತಿಲ್ಲ ಎಂಬುದು ನನ್ನ ದೂರಲ್ಲ. ಅದಕ್ಕೆ ಮೂರೂ ಗೊತ್ತು. ಶಾಲೆಯ ಪುಸ್ತಕವನ್ನೂ ಪ್ರೋಗ್ರಾಮರುಗಳ ಪಾಠವನ್ನೂ ಗಣಿತದ ಇತಿಹಾಸವನ್ನೂ ಓದಿಕೊಂಡು ಬಂದದ್ದು ಅದು. ವಿವರಣೆ ಸುಮ್ಮನಿದ್ದಾಗ ಆ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ, ಆರಿಸಿದೆ ಎಂದು ಯಾರಿಗೂ ಹೇಳುವುದಿಲ್ಲ. ಟೂಲ್ ತನ್ನ ಪಾಡಿಗೆ ಇನ್ನೊಂದನ್ನು ಲೆಕ್ಕ ಹಾಕಿ ಕೊಡುತ್ತದೆ. ಹಿಂದೆ ಊರಿಗೊಂದು ಸೇರು ಇದ್ದ ಕಾಲದಲ್ಲಿ ವ್ಯಾಪಾರಕ್ಕೆ ಕೂತವರು ಯಾವ ಊರಿನ ಸೇರೆಂದು ಮೊದಲು ಕೇಳುತ್ತಿದ್ದರು. ಅಷ್ಟಾದರೂ ಮಾತು ಇಲ್ಲಿ ಆಗಬೇಕಿತ್ತು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಮೇಲಿನ ವಿವರಣೆಯಲ್ಲಿ ಫಿಬೊನಾಚಿ ಮತ್ತು ಅವಿಭಾಜ್ಯ ಎರಡಕ್ಕೂ ಒಂದೇ "ಎನ್" ಇದೆ. ಗಣಿತದ ರೂಢಿಯಲ್ಲಿ ಫಿಬೊನಾಚಿಯ ಎಣಿಕೆ ಸೊನ್ನೆಯಿಂದ ಹೊರಡುತ್ತದೆ, ಅವಿಭಾಜ್ಯಗಳದು ಒಂದರಿಂದ: ಮೊದಲನೆಯ ಅವಿಭಾಜ್ಯ 2, ಸೊನ್ನೆಯನೆಯ ಅವಿಭಾಜ್ಯ ಎಂಬುದಿಲ್ಲ. ಸಮಾಂತರ ಶ್ರೇಢಿಗೆ ಬಂದರೆ ಹತ್ತನೇ ತರಗತಿಯ ಪುಸ್ತಕ ಮೊದಲ ಪದಕ್ಕೆ ಸಾಮಾನ್ಯ ವ್ಯತ್ಯಾಸದ (ಎನ್−1) ಪಟ್ಟನ್ನು ಕೂಡಿಸಲು ಹೇಳುತ್ತದೆ. ಪ್ರೋಗ್ರಾಮರ್ ಬರೆದ ಟೂಲ್ ಅನೇಕ ವೇಳೆ ಎನ್ ಪಟ್ಟನ್ನೇ ಕೂಡಿಸಿಬಿಡುತ್ತದೆ, ಅವನ ಅರೇ ಸೊನ್ನೆಯಿಂದ ಶುರುವಾಗುವುದರಿಂದ. ಕ್ಯಾಟಲನ್ ಸಂಖ್ಯೆಗಳಾದರೆ 1, 1, 2, 5, 14, 42: ಐದನೆಯ ಪದ 14, ಸಿ(5) ಮಾತ್ರ 42. ಒಂದೇ ಟೂಲಿನ ಒಂದೇ ಇನ್‌ಪುಟ್ ಬಗೆಬಗೆಯ ಅರ್ಥ ಹೊತ್ತು ನಿಂತಿದೆ, ಸ್ಕೀಮಾ ಎಲ್ಲಕ್ಕೂ "ಪೂರ್ಣಾಂಕ" ಎಂದು ಮೊಹರು ಒತ್ತುತ್ತದೆ. ಸ್ಕೀಮಾ ಇದ್ದರೆ ಸಾಕು ಎನ್ನುವವರಿಗೆ ನನ್ನ ಉತ್ತರ ಇದು: ಸ್ಕೀಮಾ ಹೇಳುವುದು ಇನ್‌ಪುಟ್‌ನ ಆಕಾರವನ್ನು, ಅರ್ಥವನ್ನಲ್ಲ. ತಪ್ಪು ಪ್ರಶ್ನೆಯ ಆಕಾರವೂ ಸರಿ ಪ್ರಶ್ನೆಯ ಆಕಾರದಷ್ಟೇ ಚೆನ್ನಾಗಿರುತ್ತದೆ.

ಔಟ್‌ಪುಟ್ ಕಡೆ ನೋಡಿದರೆ ವಿಷಯ ಇನ್ನೂ ಗಂಭೀರ. ಎಫ್(78) ಎಂದರೆ 8944394323791464. ಎಫ್(79) ಎಂದರೆ 14472334024676221. ಎರಡರ ನಡುವೆ ಒಂದು ಗಡಿ ಹಾದುಹೋಗುತ್ತದೆ: 2ರ 53ನೆಯ ಘಾತ, 9007199254740992. ಜಾವಾಸ್ಕ್ರಿಪ್ಟ್ ಮಾಮೂಲಿಯಾಗಿ ಬಳಸುವ ಫ್ಲೋಟಿಂಗ್ ಪಾಯಿಂಟ್ ಬಗೆಯ ಸಂಖ್ಯೆ ಅಲ್ಲಿಯವರೆಗೆ ಮಾತ್ರ ಪ್ರತಿಯೊಂದು ಪೂರ್ಣಾಂಕವನ್ನೂ ಉಳಿಸಿಕೊಳ್ಳಬಲ್ಲದು. ಅದರಾಚೆಗೆ ಮೊದಲು ಬೆಸಸಂಖ್ಯೆಗಳು ಕೈಬಿಡುತ್ತವೆ. ಎಫ್(79) ಬೆಸ. ಹಾಗಾಗಿ ಅದು 14472334024676220 ಆಗಿ ತೋರುತ್ತದೆ. ಕೊನೆಯ ಅಂಕೆ ಒಂದರ ಬದಲು ಸೊನ್ನೆ. ಟೂಲನ್ನು ಪೈಥಾನ್‌ನಲ್ಲಿ ಬರೆದಿದ್ದರೆ ಲೆಕ್ಕ ಪೂರ್ತಿ ಸರಿ, ಪೈಥಾನ್‌ನ ಪೂರ್ಣಾಂಕಕ್ಕೆ ಇಂಥ ಮಿತಿಯಿಲ್ಲ. ಅದು ಜೇಸನ್ ಆಗಿ ಬರೆದು ಕಳಿಸಿದ ಅಂಕೆಗಳೂ ಸರಿ. ಆ ಕಡೆ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಕ್ಲೈಂಟ್ ಅದನ್ನು ಓದಿಕೊಳ್ಳುವಾಗ ಕೊನೆಯ ಅಂಕೆ ಉದುರುತ್ತದೆ. ಜೇಸನ್‌ನ ಮಾನಕವಾದ ಆರ್‌ಎಫ್‌ಸಿ 8259 ಈ ಮಿತಿಯ ಬಗ್ಗೆ ಎಚ್ಚರಿಸಿಯೇ ಇದೆ. ಆದರೂ "ಔಟ್‌ಪುಟ್: ಸಂಖ್ಯೆ" ಎಂಬ ಒಂದು ಪದ ಆ ಎಚ್ಚರಿಕೆಯನ್ನು ಅಳಿಸಿಹಾಕುತ್ತದೆ. ಹದಿನೇಳು ಅಂಕೆಗಳ ಸಂಖ್ಯೆಯ ತುದಿಯ ಅಂಕೆಯನ್ನು ಯಾರು ಪರೀಕ್ಷಿಸುತ್ತಾರೆ? ಟೂಲ್ ಕೊಟ್ಟ ಉತ್ತರ ಎಂಬ ಕಾರಣಕ್ಕೇ ಏಜೆಂಟ್ ಅದನ್ನು ನಂಬುತ್ತದೆ, ಏಜೆಂಟ್ ಟೂಲ್ ಬಳಸಿದೆ ಎಂಬ ಕಾರಣಕ್ಕೇ ನಾವು ನಂಬುತ್ತೇವೆ. ಮಾದರಿ ತಾನೇ ಊಹಿಸಿದ್ದರೆ ಯಾರಾದರೂ ಅನುಮಾನಿಸುತ್ತಿದ್ದರು. ಲೆಕ್ಕವನ್ನು ಟೂಲಿಗೆ ಬಿಟ್ಟು ನಿಶ್ಚಿಂತರಾಗಿ ಎನ್ನುವ ಸಲಹೆ ಎಲ್ಲಕ್ಕಿಂತ ದುಬಾರಿಯಾಗುವುದು ಇಲ್ಲಿಯೇ. ಉತ್ತರವನ್ನು ಅಂಕೆಗಳ ಸ್ಟ್ರಿಂಗ್ ಆಗಿ ಕೊಡುತ್ತೇವೆ ಎಂಬ ಒಂದು ನಿರ್ಧಾರ, ಅದನ್ನು ಹೇಳುವ ಒಂದು ಸಾಲು ಇದ್ದರೆ ಈ ಇಡೀ ಕಂಟಕ ತಪ್ಪುತ್ತದೆ.

ಇಲ್ಲಿ ಒಂದು ಹಳೆಯ ದಾಖಲೆಯನ್ನು ನೆನೆಯಬೇಕು. ಚಾರ್ಲ್ಸ್ ಬ್ಯಾಬೇಜ್‌ನ ಅನಲಿಟಿಕಲ್ ಎಂಜಿನ್ ಬಗ್ಗೆ ಮೆನಾಬ್ರೆಯಾ ಫ್ರೆಂಚಿನಲ್ಲಿ ಬರೆದ ಲೇಖನವನ್ನು ಇಂಗ್ಲಿಷಿಗೆ ತಂದು, ಮೂಲಕ್ಕಿಂತ ದೊಡ್ಡದಾದ ಟಿಪ್ಪಣಿಗಳನ್ನು ಸೇರಿಸಿ ಏಡಾ ಲವ್‌ಲೇಸ್ 1843ರಲ್ಲಿ ಪ್ರಕಟಿಸಿದರು. ಅದರ ಜಿ ಟಿಪ್ಪಣಿ ಬರ್ನೌಲಿ ಸಂಖ್ಯೆಗಳನ್ನು ಯಂತ್ರದಿಂದ ಹೇಗೆ ಲೆಕ್ಕ ಹಾಕಿಸುವುದೆಂದು ಹೇಳುತ್ತದೆ. ಜಗತ್ತಿನ ಮೊದಲ ಪ್ರೋಗ್ರಾಮ್ ಎಂಬ ಕೀರ್ತಿ ಅದಕ್ಕಿದೆ. ಆ ಬಗ್ಗೆ ವಾಗ್ವಾದವೂ ಇದೆ. ನನಗೆ ಅದು ಬೇರೆ ಕಾರಣಕ್ಕೆ ದೊಡ್ಡದು. ಸಂಖ್ಯಾಸರಣಿಯೊಂದನ್ನು ಲೆಕ್ಕ ಹಾಕುವ ಯಂತ್ರಕ್ಕೆ ಬರೆದ ಡಾಕ್ಯುಮೆಂಟೇಶನ್ ಎಂದು ಅದನ್ನು ಓದಿ ನೋಡಿ. ಯಾವ ಚರದಲ್ಲಿ ಏನಿದೆ, ಒಂದು ಕ್ರಿಯೆಯಾದ ಮೇಲೆ ಯಾವುದು ಬದಲಾಯಿತು, ಯಾವುದು ಹಾಗೇ ಉಳಿಯಿತು ಎಂಬುದನ್ನೆಲ್ಲ ಕೋಷ್ಟಕದಲ್ಲಿ ಕಂಬ ಕಂಬವಾಗಿ ಬರೆದಿದ್ದಾರೆ. ಯಂತ್ರವಿನ್ನೂ ತಯಾರಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಓಡಿಸಿ ನೋಡಿ ತಿಳಿಯುವ ದಾರಿ ಓದುಗರಿಗೆ ಇರಲಿಲ್ಲವಾದ್ದರಿಂದ ತಿಳಿಯಬೇಕಾದದ್ದನ್ನೆಲ್ಲ ಬರವಣಿಗೆಯೇ ಹೊರಬೇಕಾಯಿತು. ಏಜೆಂಟ್‌ನ ಸ್ಥಿತಿ ಇದಕ್ಕೆ ಹತ್ತಿರವಾದದ್ದು. ಟೂಲಿನ ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ, ಬರೆದವರನ್ನು ಕೇಳಲಾಗುವುದಿಲ್ಲ, ಎದುರಿಗಿರುವುದು ವಿವರಣೆಯೊಂದೇ.

ಆ ದಾಖಲೆಯನ್ನು ಮೆಚ್ಚುತ್ತಲೇ ಅದರ ಎರಡು ತೊಡಕುಗಳನ್ನೂ ಹೇಳಬೇಕು, ಏಕೆಂದರೆ ಎರಡೂ ಇಂದಿಗೆ ಪಾಠ. ಲವ್‌ಲೇಸ್ ಬಿ7 ಎಂದು ಕರೆದದ್ದನ್ನು ನಾವಿಂದು ಬಿ8 ಎನ್ನುತ್ತೇವೆ. ಅವರ ಸಾಲು ಬಿ1, ಬಿ3, ಬಿ5, ಬಿ7 ಎಂದು ಸಾಗುತ್ತದೆ, ನಮ್ಮ ಬಿ2 ಅವರಿಗೆ ಬಿ1. ಸೂಚ್ಯಂಕದ ಜಗಳ ಫಿಬೊನಾಚಿಯದಷ್ಟೇ ಅಲ್ಲ, ಈ ಕ್ಷೇತ್ರದ ಹುಟ್ಟಿನೊಂದಿಗೇ ಬಂದದ್ದು. ಎರಡನೆಯದು, ಅಚ್ಚಾದ ಕೋಷ್ಟಕದ ನಾಲ್ಕನೆಯ ಕ್ರಿಯೆಯಲ್ಲಿ ಭಾಜ್ಯ ಭಾಜಕಗಳು ಅದಲುಬದಲಾಗಿವೆ. ನಾಲ್ಕನೆಯ ಚರವನ್ನು ಐದನೆಯದರಿಂದ ಭಾಗಿಸಬೇಕಾದ ಕಡೆ ಐದನೆಯದನ್ನು ನಾಲ್ಕನೆಯದರಿಂದ ಭಾಗಿಸಲು ಹೇಳಿದೆ. ಓಡಿಸಲು ಯಂತ್ರವಿದ್ದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದ ತಪ್ಪು. ನಮಗೆ ಓಡಿಸಲು ಯಂತ್ರಗಳಿವೆ. ದಾಖಲೆಯೊಳಗೆ ಬರೆದ ಉದಾಹರಣೆಗಳನ್ನು ತಾನೇ ಓಡಿಸಿ ತಾಳೆ ನೋಡುವ ಡಾಕ್‌ಟೆಸ್ಟ್ ಪೈಥಾನ್‌ಗೆ ಬಂದದ್ದು 2001ರಲ್ಲಿ. ಆದರೂ ಏಜೆಂಟ್‌ಗಳಿಗೆ ಬರೆದ ವಿವರಣೆಯಲ್ಲಿ ಒಂದು ಉದಾಹರಣೆಯೂ ಇಲ್ಲದಿರುವುದು, ಇದ್ದರೂ ಅದನ್ನು ಯಾರೂ ಓಡಿಸಿ ನೋಡದಿರುವುದು ನನಗೆ ಸಣ್ಣ ಲೋಪವಾಗಿ ಕಾಣುವುದಿಲ್ಲ.

ಈಗ ಎದುರು ವಾದಕ್ಕೆ ಬರೋಣ. ಅದು ಹಗುರವಾದದ್ದಲ್ಲ. ವಿವರಣೆಯ ಪ್ರತಿಯೊಂದು ಪದವೂ ಮಾದರಿಯ ಕಾಂಟೆಕ್ಸ್ಟ್ ವಿಂಡೋದೊಳಗೆ ಹೋಗುತ್ತದೆ, ಪ್ರತಿ ಪದಕ್ಕೂ ಟೋಕನ್ ಖರ್ಚು. ಒಂದು ಏಜೆಂಟ್‌ಗೆ ಹತ್ತಾರು ಟೂಲ್‌ಗಳಿದ್ದು ಪ್ರತಿಯೊಂದೂ ಪುಟಗಟ್ಟಲೆ ಮಾತಾಡಿದರೆ ಯಾವುದನ್ನು ಕರೆಯಬೇಕೆಂಬುದೇ ಗೊಂದಲವಾಗುತ್ತದೆ. ಹೀಗಾಗಿ ಚಿಕ್ಕದಾಗಿ ಬರೆಯಿರಿ ಎಂಬ ಸಲಹೆಗೆ ನಿಜವಾದ ಬುಡವಿದೆ, ಅದನ್ನು ನಾನು ಗೌರವಿಸುತ್ತೇನೆ. ನನ್ನ ಜಗಳ ಉದ್ದದ ಬಗ್ಗೆ ಅಲ್ಲ, ಯಾವ ಸಾಲನ್ನು ಉಳಿಸಿ ಯಾವ ಸಾಲನ್ನು ಕಡಿಯುತ್ತೇವೆ ಎಂಬುದರ ಬಗ್ಗೆ. ಚಿಕ್ಕದು ಮಾಡುವ ಕೈ ಮೊದಲು ಕಡಿಯುವುದು ಮಿತಿಗಳನ್ನು, ಉಳಿಸಿಕೊಳ್ಳುವುದು ಮಾದರಿಗೆ ಮೊದಲೇ ಗೊತ್ತಿರುವುದನ್ನು. "ಹಿಂದಿನ ಎರಡು ಪದಗಳ ಮೊತ್ತವೇ ಮುಂದಿನ ಪದವಾಗುವ ಪ್ರಸಿದ್ಧ ಸರಣಿ" ಎಂಬಂಥ ವಾಕ್ಯ ಸಲೀಸಾಗಿ ಉಳಿಯುತ್ತದೆ; ಎಫ್(0)=0 ಎಂಬುದು ಹೋಗುತ್ತದೆ. ಮೊದಲನೆಯದನ್ನು ಮಾದರಿ ನಿದ್ದೆಯಲ್ಲೂ ಹೇಳೀತು. ಎರಡನೆಯದನ್ನು ಟೂಲ್ ಬಿಟ್ಟರೆ ಹೇಳಬಲ್ಲವರು ಇನ್ಯಾರೂ ಇಲ್ಲ.

ಹಾಗಾದರೆ ನಾನು ಬರೆಯುವುದಾದರೆ ಹೇಗೆ? "ಫಿಬೊನಾಚಿ: ಎಫ್(0)=0, ಎಫ್(1)=1, ಎಫ್(10)=55; ಒಇಐಎಸ್‌ನ ಎ000045ರಂತೆ. ಎನ್ ಸೊನ್ನೆಯಿಂದ 5000ದವರೆಗಿನ ಪೂರ್ಣಾಂಕ; ಋಣ ಎನ್ ಸ್ವೀಕರಿಸುವುದಿಲ್ಲ. ಉತ್ತರ ಅಂಕೆಗಳ ಸ್ಟ್ರಿಂಗ್ ಆಗಿ ಬರುತ್ತದೆ. ಪಟ್ಟಿ ಕೇಳಿದರೆ ಒಂದು ಸಲಕ್ಕೆ 50 ಪದ. ಬಳಕೆದಾರರು ಎಲ್ಲಿಂದ ಎಣಿಸಿದ್ದಾರೆಂದು ತಿಳಿಯದಿದ್ದರೆ ಉತ್ತರದಲ್ಲಿ ಸೂಚ್ಯಂಕವನ್ನೂ ಹೇಳಿ. ಮುಂದಿನ ಪದ ಊಹಿಸಲು ಇದನ್ನು ಬಳಸಬೇಡಿ." ಅಷ್ಟೇ. ಮೊದಲಿನ ವಿವರಣೆಗಿಂತ ನಾಲ್ಕು ಸಾಲು ಹೆಚ್ಚು ಇರಬಹುದು. ಹೆಚ್ಚಾದ ಪ್ರತಿ ಸಾಲೂ ಒಂದೊಂದು ತಪ್ಪು ಕರೆಯನ್ನು ತಡೆಯುತ್ತದೆ.

ಈ ಸಾಲುಗಳಲ್ಲಿ ಒಂದೆರಡಕ್ಕೆ ಸಮರ್ಥನೆ ಬೇಕು. ಪಟ್ಟಿಗೆ ಮಿತಿ ಏಕೆ? ಸಾವಿರನೆಯ ಫಿಬೊನಾಚಿ ಸಂಖ್ಯೆಯೊಂದಕ್ಕೇ 209 ಅಂಕೆಗಳಿವೆ. ಮೊದಲ ಸಾವಿರ ಪದಗಳನ್ನು ಸಾಲಾಗಿ ಬರೆದರೆ ಸುಮಾರು ಒಂದು ಲಕ್ಷ ಅಂಕೆ. ಟೋಕನ್ ಉಳಿಸಲೆಂದು ವಿವರಣೆಯ ಎರಡು ಸಾಲನ್ನು ಕಡಿದವರ ಟೂಲ್ ಒಂದೇ ಕರೆಗೆ ಇಷ್ಟನ್ನೂ ಕಾಂಟೆಕ್ಸ್ಟ್ ವಿಂಡೋಗೆ ಸುರಿದರೆ ಉಳಿಸಿದ್ದೇನು? ಋಣ ಸೂಚ್ಯಂಕದ ಮಾತೂ ಹಾಗೆಯೇ. ಗಣಿತದಲ್ಲಿ ಎಫ್(−8) ಎಂಬುದಕ್ಕೆ −21 ಎಂಬ ಒಪ್ಪಿತ ಬೆಲೆ ಇದೆ. ಒಂದು ಟೂಲ್ ಅದನ್ನು ಕೊಡಬಹುದು, ಇನ್ನೊಂದು ಸೊನ್ನೆ ಕೊಡಬಹುದು, ಮತ್ತೊಂದು ಒಲ್ಲೆ ಎನ್ನಬಹುದು. ಒಲ್ಲೆ ಎನ್ನುವುದು ತಪ್ಪಲ್ಲ, ಒಲ್ಲೆ ಎಂಬುದನ್ನು ಮೊದಲೇ ಹೇಳದಿರುವುದು ತಪ್ಪು. ಒಲ್ಲೆ ಎನ್ನುವಾಗ ಬಳಸುವ ಮಾತನ್ನೂ ನಾನು ಡಾಕ್ಯುಮೆಂಟೇಶನ್ ಎಂದೇ ಎಣಿಸುತ್ತೇನೆ. ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಟೂಲಿನೊಳಗಿನ ಎರರನ್ನು ಮಾದರಿ ಓದುವಂತೆ ಉತ್ತರದ ಭಾಗವಾಗಿಯೇ ಕಳಿಸಲು ಅವಕಾಶ ಕೊಟ್ಟಿದೆ. ಅಲ್ಲಿ "ಅಮಾನ್ಯ ಇನ್‌ಪುಟ್" ಎಂದು ಬರೆದರೆ ಏಜೆಂಟ್ ಅದೇ ಕರೆಯನ್ನು ಇನ್ನೊಮ್ಮೆ ಮಾಡುತ್ತದೆ, ಇಲ್ಲವೇ ಕೈಬಿಟ್ಟು ತಾನೇ ಊಹಿಸುತ್ತದೆ. "ಎನ್ ಪೂರ್ಣಾಂಕವಾಗಿರಬೇಕು, 2.5 ಬಂದಿದೆ" ಎಂದು ಬರೆದರೆ ಸರಿಪಡಿಸಿಕೊಳ್ಳುತ್ತದೆ.

ಒಇಐಎಸ್ ಹೆಸರು ಹೇಳಿದೆ. ಪೂರ್ಣಾಂಕ ಸರಣಿಗಳ ಆ ವಿಶ್ವಕೋಶವನ್ನು ನೀಲ್ ಸ್ಲೋನ್ 1964ರಲ್ಲಿ ಕಾರ್ನೆಲ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿದರು. 1973ರ ಪುಸ್ತಕದಲ್ಲಿ 2372 ಸರಣಿಗಳಿದ್ದವು; ಇಂದು ಮೂರೂವರೆ ಲಕ್ಷ ದಾಟಿವೆ. ಜನ ಅದನ್ನು ನೋಡುವುದು ಹುಡುಕುವ ಪಟ್ಟಿಯಂತೆ: ನಾಲ್ಕಾರು ಅಂಕೆ ಹಾಕು, ಹೆಸರು ತಿಳಿ. ನನ್ನ ಮಟ್ಟಿಗೆ ಅದು ಸರಣಿಗಳ ಡಾಕ್ಯುಮೆಂಟೇಶನ್ ಹೇಗಿರಬೇಕೆಂಬುದಕ್ಕೆ ಸಿಕ್ಕ ಅತ್ಯುತ್ತಮ ನಿದರ್ಶನ. ಪ್ರತಿ ಸರಣಿಗೂ ಬದಲಾಗದ ಒಂದು ಸಂಖ್ಯೆ, ಎಣಿಕೆ ಎಲ್ಲಿಂದ ಶುರು ಎಂದು ಹೇಳುವ ಆಫ್‌ಸೆಟ್ ಎಂಬ ಪ್ರತ್ಯೇಕ ಜಾಗ. ಫಿಬೊನಾಚಿಯ ಆಫ್‌ಸೆಟ್ 0, ಅವಿಭಾಜ್ಯಗಳ ಎ000040ರ ಆಫ್‌ಸೆಟ್ 1. ನಾನು ಮೇಲೆ ಇಷ್ಟು ಹೊತ್ತು ವಾದಿಸಿದ ವಿಷಯಕ್ಕೆ ಅವರು ದಶಕಗಳ ಹಿಂದೆಯೇ ಒಂದು ಅಂಕೆಯಷ್ಟು ಜಾಗದಲ್ಲಿ ಉತ್ತರ ಕೊಟ್ಟಿದ್ದಾರೆ. ಎಐ ಟೂಲ್ ಬರೆಯುವವರು ಇದನ್ನು ಎತ್ತಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಮುಂದಿನ ಪದ ಊಹಿಸುವ ಟೂಲ್‌ಗಳ ವಿಚಾರದಲ್ಲಿ ನನ್ನ ತೀರ್ಪು ಇನ್ನೂ ಕಟುವಾದದ್ದು. ಬ್ಯಾಂಕ್ ಪರೀಕ್ಷೆ, ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವ ನಮ್ಮ ಹುಡುಗರು ಹುಡುಗಿಯರು ಸಂಖ್ಯಾಸರಣಿಯ ಪ್ರಶ್ನೆಗಳನ್ನು ಈಗ ಎಐ ಮುಂದೆ ಇಡುತ್ತಾರೆ, ಆದ್ದರಿಂದ ಇದು ಪ್ರಯೋಗಾಲಯದ ವಿಷಯವಲ್ಲ. 1, 2, 4, 8, 16 ಆದಮೇಲೆ? 32 ಎನ್ನುತ್ತೇವೆ. ವೃತ್ತದ ಮೇಲೆ ಬಿಂದುಗಳನ್ನಿಟ್ಟು ಪ್ರತಿ ಜೋಡಿಯನ್ನೂ ಗೆರೆಯಿಂದ ಸೇರಿಸಿದರೆ ಒಳಗೆ ಹೆಚ್ಚೆಂದರೆ ಎಷ್ಟು ತುಂಡುಗಳಾಗುತ್ತವೆ ಎಂದು ಎಣಿಸುತ್ತಾ ಹೋಗಿ: ಒಂದು ಬಿಂದುವಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16, ಆರಕ್ಕೆ 31. ಏಳಕ್ಕೆ 57. ಇನ್ನೊಂದು ದಾರಿ, ಪ್ರತಿ ಸಂಖ್ಯೆಗೂ ಅದರ ಅಂಕೆಗಳ ಮೊತ್ತ ಕೂಡಿಸುತ್ತಾ ಹೋಗಿ: 1, 2, 4, 8, 16, ಆಮೇಲೆ 23. ಇಷ್ಟೇ ಪದಗಳಿಂದ ಮುಂದಿನದು ಇಂಥದೇ ಎಂದು ಗಣಿತ ಎಂದೂ ಹೇಳುವುದಿಲ್ಲ. ಯಾವ ಸಂಖ್ಯೆ ಹೇಳಿದರೂ ಅದಕ್ಕೆ ಒಪ್ಪುವ ಬಹುಪದೋಕ್ತಿಯೊಂದನ್ನು ಹೊಂದಿಸಬಹುದು. 1, 2, 3, 5 ಕೊಟ್ಟರೆ ಫಿಬೊನಾಚಿಯವರು 8 ಎನ್ನುತ್ತಾರೆ. 1914ರಲ್ಲಿ ಡಿ. ಎನ್. ಲೆಹ್ಮರ್ ಪ್ರಕಟಿಸಿದ ಅವಿಭಾಜ್ಯಗಳ ಪಟ್ಟಿ ತೆರೆದರೆ ಅಲ್ಲಿ 1 ಕೂಡ ಅವಿಭಾಜ್ಯ, ಮುಂದಿನದು 7.

ಹೀಗಿರುವಾಗ ಟೂಲಿನ ವಿವರಣೆಯಲ್ಲಿ "ಸರಣಿಯ ನಿಯಮವನ್ನು ಕಂಡುಹಿಡಿಯುತ್ತದೆ" ಎಂದು ಬರೆಯುವುದು ಸುಳ್ಳು ಹೇಳಿದಂತೆ. ಟೂಲ್ ಮಾಡುವುದು ಬೇರೆ: ತನಗೆ ಗೊತ್ತಿರುವ ನಾಲ್ಕೈದು ಕುಟುಂಬಗಳನ್ನು ಒಂದು ಕ್ರಮದಲ್ಲಿ ಪರೀಕ್ಷಿಸಿ ಮೊದಲು ಹೊಂದಿದ್ದನ್ನು ಹೇಳುತ್ತದೆ. ಯಾವ ಕುಟುಂಬಗಳು, ಯಾವ ಕ್ರಮ, ಎಷ್ಟು ಪದ ಹೊಂದಿದರೆ ಹೊಂದಿದಂತೆ, ಇಷ್ಟನ್ನು ಬರೆಯಲಿ. ಬರೆದರೆ ಟೂಲಿನ ಶಕ್ತಿ ಕಡಿಮೆಯಾದಂತೆ ಕಾಣುತ್ತದೆ ಎಂಬ ಅಳುಕು ಟೂಲ್ ಮಾಡಿದವರಿಗೆ ಇದ್ದೀತು. ಪರೀಕ್ಷೆಗೆ ಓದುವ ಹುಡುಗಿಗೆ ಮಾತ್ರ "ಸಮಾಂತರ ಅಲ್ಲ, ಗುಣೋತ್ತರ ಹೊಂದುತ್ತದೆ, ಅನುಪಾತ 2" ಎಂಬ ಉತ್ತರ ಬರಿಯ 32ಕ್ಕಿಂತ ಎಷ್ಟೋ ಮೇಲು. ಪ್ರಶ್ನೆ ಕೊಟ್ಟವರು ಯಾವ ನಿಯಮ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ಅವಳೇ ತೂಗಿ ನೋಡಬಹುದು.

ಕೊನೆಯದಾಗಿ ಎಲ್ಲಕ್ಕಿಂತ ಬಲವಾದ ಆಕ್ಷೇಪ. ಇಷ್ಟೆಲ್ಲ ಏಕೆ, ಸರಣಿಗೊಂದು ಟೂಲೇ ಬೇಡ, ಏಜೆಂಟ್ ತಾನೇ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು ಓಡಿಸಿಕೊಳ್ಳಲಿ ಎನ್ನುತ್ತಾರೆ. ಅನೇಕ ಸಂದರ್ಭಗಳಲ್ಲಿ ಅದು ಸಾಕು, ಅದೇ ಸರಿ ಕೂಡ. ಆದರೆ ಹಾಗೆ ಮಾಡಿದಾಗ ರೂಢಿಯನ್ನು ಆರಿಸುವ ಕೆಲಸ ಮಾಯವಾಗುವುದಿಲ್ಲ, ಕೋಡಿನೊಳಗೆ ಸದ್ದಿಲ್ಲದೆ ನಡೆದುಹೋಗುತ್ತದೆ. ಬರ್ನೌಲಿ ಸಂಖ್ಯೆಗಳಿಗೇ ಮರಳಿ. ಬಿ(1) ಎಂಬುದಕ್ಕೆ −1/2 ಎನ್ನುವ ಪರಂಪರೆ ಒಂದು, +1/2 ಎನ್ನುವ ಪರಂಪರೆ ಇನ್ನೊಂದು; ಎರಡನ್ನೂ ಒಳ್ಳೆಯ ಗಣಿತಜ್ಞರು ಸಮರ್ಥಿಸಿದ್ದಾರೆ. ಪೈಥಾನ್‌ನ ಸಿಂಪೈ ಗ್ರಂಥಾಲಯ ಬಹುಕಾಲ −1/2 ಕೊಡುತ್ತಿತ್ತು. 2023ರಲ್ಲಿ ಬಂದ 1.12ನೆಯ ಆವೃತ್ತಿಯಿಂದ +1/2 ಕೊಡುತ್ತದೆ. ಫಂಕ್ಷನ್‌ನ ಹೆಸರು ಅದೇ, ಇನ್‌ಪುಟ್ ಅದೇ, ಸ್ಕೀಮಾ ಅದೇ. ಏಜೆಂಟ್ ಬರೆದ ನಾಲ್ಕು ಸಾಲೂ ಅವೇ. ಉತ್ತರದ ಚಿಹ್ನೆ ಮಾತ್ರ ಆ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಇದೆ ಎಂಬುದರ ಮೇಲೆ ನಿಂತಿದೆ. ಸಿಂಪೈ ತಂಡ ಈ ಬದಲಾವಣೆಯನ್ನು ತನ್ನ ದಾಖಲೆಯಲ್ಲಿ ಆವೃತ್ತಿಯ ಸಮೇತ ಬರೆದಿಟ್ಟಿದೆ, ಅದು ಅವರ ಪ್ರಾಮಾಣಿಕತೆ. ಆ ದಾಖಲೆಯನ್ನು ತೆರೆಯದೆ ಕೋಡ್ ಬರೆದ ಏಜೆಂಟ್‌ಗೆ ಮಾತ್ರ ಅದು ತಲುಪುವುದಿಲ್ಲ. ಪ್ರತ್ಯೇಕ ಟೂಲ್ ಇರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಟೂಲ್ ತಾನು ಹಿಡಿದ ರೂಢಿಯನ್ನು ಪ್ರತಿ ಕರೆಯಲ್ಲೂ ಏಜೆಂಟ್‌ನ ಕಣ್ಣೆದುರು ಇಡಬಲ್ಲದು: ವಿವರಣೆಯಲ್ಲಿ ಒಮ್ಮೆ, ಉತ್ತರದ ಜೊತೆ ಇನ್ನೊಮ್ಮೆ. ಬರಿಯ "1/2" ಎಂದು ಕೊಟ್ಟು ಸುಮ್ಮನಾಗದೆ, "ಬಿ(1) = +1/2; −1/2 ಬೇಕಿದ್ದರೆ ಹಳೆಯ ರೂಢಿ ಎಂದು ಸೂಚಿಸಿ ಮತ್ತೆ ಕೇಳಿ" ಎಂದು ಬರೆದು ಕಳಿಸಬಲ್ಲದು.